ಗ್ರೆಗರಿ ಅಂಕಲ್ ಮಾಡಿದ ಮೇಪಲ್ ವೈನ್

ಕಳೆದ ಭಾನುವಾರ ನನ್ನ ಮಗಳು ದೋಸೆಯ ಮೇಲೆ ಮೇಪಲ್ ಸಿರಪ್ ಸುರಿದುಕೊಂಡಳು. ಗೆಳತಿಯ ಮನೆಯಲ್ಲಿ ಪ್ಯಾನ್‌ಕೇಕಿನ ಜೊತೆ ತಿಂದು ಬಂದಾಗಿನಿಂದ ಅವಳಿಗೆ ಅದೊಂದು ಹಟ. ಲಂಡನ್ನಿನ ನಮ್ಮ ರೇನರ್ಸ್ ಲೇನಿನ ಅಂಗಡಿಗಳಲ್ಲಿ ಒಳ್ಳೆಯ ಬೆಲ್ಲ ಸಿಗುತ್ತದೆ, ತುಪ್ಪ ಬೆಲ್ಲ ಹಚ್ಚಿಕೊಡುತ್ತೇನೆ ಅಂದರೂ ಕೇಳಲಿಲ್ಲ. ಬಿಸಿ ದೋಸೆಗೆ ಸಿರಪ್ ಬಿದ್ದದ್ದೇ ತಡ, ಸುಟ್ಟ ಸಕ್ಕರೆಯೂ ಹಸಿ ಕಟ್ಟಿಗೆಯೂ ಸೇರಿದಂಥ ವಾಸನೆ ಎದ್ದು ಅಡುಗೆಮನೆ ತುಂಬಿತು. ನಾನು ಒಲೆ ಆರಿಸಿ, ಹಿತ್ತಿಲ ಬಾಗಿಲು ತೆಗೆದು ಹೊರಗೆ ಹೋಗಿ ನಿಂತೆ. ಏನಾಯ್ತಮ್ಮಾ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಹೇಳುವಷ್ಟು ಸಣ್ಣ ಕತೆಯಲ್ಲ ಅದು. ಈಗ ಬರೆಯುತ್ತಿದ್ದೇನೆ.

ತೊಂಬತ್ತೇಳರ ನವೆಂಬರಿನಲ್ಲಿ ನಾನು ಧಾರವಾಡದಿಂದ ಲಂಡನ್ನಿಗೆ ಬಂದೆ. ಎಂ.ಬಿ.ಬಿ.ಎಸ್. ಮುಗಿಸಿ ಎರಡು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ದುಡಿದಿದ್ದೆ. ದಿನಕ್ಕೆ ನೂರಾರು ರೋಗಿಗಳನ್ನು ನೋಡಿದ ಕೈ ನನ್ನದು. ಆದರೆ ಇಲ್ಲಿ ನಾನು ಡಾಕ್ಟರಲ್ಲ. ಹೊರದೇಶದಲ್ಲಿ ಓದಿ ಬಂದವರು ಬರೆಯಬೇಕಾದ ಪರೀಕ್ಷೆ ಪಾಸಾಗುವ ತನಕ ಯಾರ ನಾಡಿಯನ್ನೂ ಹಿಡಿಯುವ ಹಾಗಿರಲಿಲ್ಲ. ಗಂಡ ರಘು ನನಗಿಂತ ಮೊದಲೇ ಬಂದು, ಉತ್ತರದ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಅವನಿಗೆ ಆಸ್ಪತ್ರೆಯವರು ಕೊಟ್ಟದ್ದು ಒಂಟಿ ಮಂಚದ ಒಂದು ಕೋಣೆ. ಪರೀಕ್ಷೆಯ ತರಬೇತಿ, ಲೈಬ್ರರಿ ಎಲ್ಲ ಲಂಡನ್ನಿನಲ್ಲೇ ಇದ್ದುದರಿಂದ ನಾನು ಇಲ್ಲೇ ಉಳಿಯುವುದು ಎಂದಾಯಿತು. ಅವನ ಜೊತೆ ಕೆಲಸ ಮಾಡುವ ಮಂಗಳೂರಿನ ನರ್ಸ್ ಒಬ್ಬರು ಗ್ರೀನ್‌ಫರ್ಡಿನಲ್ಲಿ ತಮಗೆ ಗೊತ್ತಿದ್ದವರ ಮನೆಯಲ್ಲಿ ಮಹಡಿಯ ಕೋಣೆಯೊಂದನ್ನು ಬಾಡಿಗೆಗೆ ಕೊಡಿಸಿದರು. ಹೀಗೆ ಗ್ರೆಗರಿ ಅಂಕಲ್ ಮತ್ತು ಸೆವ್ರಿನ್ ಆಂಟಿಯ ಮನೆಗೆ ನಾನು ಬಂದದ್ದು.

ಅವರು ಉಡುಪಿಯ ಹತ್ತಿರದ ಶಿರ್ವದ ಕಡೆಯವರು. ತಮ್ಮೊಳಗೆ ಕೊಂಕಣಿ, ನನ್ನ ಹತ್ತಿರ ಕನ್ನಡ. ಮಕ್ಕಳಿರಲಿಲ್ಲ. ಅಂಕಲ್‌ಗೆ ಅರವತ್ತರ ಹತ್ತಿರ. ಆಹಾರ ಸಾಮಾನು ತುಂಬಿಡುವ ಒಂದು ದೊಡ್ಡ ಗೋದಾಮಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಆಂಟಿ ಹತ್ತಿರದ ಪ್ರೈಮರಿ ಶಾಲೆಯ ಅಡುಗೆಮನೆಯಲ್ಲಿ ಇದ್ದರು. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ದಿನವೇ ಅವರು ಒಂದು ಹೊಸ ಪಾತ್ರೆ, ಒಂದು ಹೊಸ ಸೌಟು ತಂದು ಬೇರೆ ಇಟ್ಟರು. ನಾನು ಬೇಡವೆಂದರೂ ವಾರಕ್ಕೆರಡು ದಿನ ಅದರಲ್ಲಿ ನನಗಾಗಿ ಏನಾದರೂ ಮಾಡುತ್ತಿದ್ದರು. ಮಹಡಿಯ ಕಿಟಕಿಯಿಂದ ಗೋದಾಮುಗಳ ತಗಡಿನ ಬೆನ್ನುಗಳು ಕಾಣುತ್ತಿದ್ದವು. ನಾಲ್ಕು ಗಂಟೆಗೇ ಕತ್ತಲಾಗುವ ಆ ಚಳಿಗಾಲದಲ್ಲಿ ದಪ್ಪ ಪುಸ್ತಕಗಳ ಮುಂದೆ ಕೂತು ಬೇಸತ್ತಾಗ ಕೆಳಗಿಳಿದು ಆ ಅಡುಗೆಮನೆಯ ಬಿಸುಪಿನಲ್ಲಿ ಕೂಡುತ್ತಿದ್ದೆ.

ಅಂಕಲ್ ಪ್ರತಿವರ್ಷ ಮನೆಯಲ್ಲೇ ವೈನ್ ಮಾಡುತ್ತಿದ್ದರು. ಒಣದ್ರಾಕ್ಷಿಯದು, ಬೀಟ್‌ರೂಟಿನದು, ಅಕ್ಕಿಯದು. ವೆಂಬ್ಲಿ, ಹ್ಯಾರೋ ಕಡೆ ಇದ್ದ ಊರಿನವರ ಮನೆಗಳಿಗೆ ಕ್ರಿಸ್ಮಸ್ಸಿಗೆ ಅವರದೇ ಬಾಟಲಿ ಹೋಗಬೇಕು. ತೊಂಬತ್ತೆಂಟರ ಫೆಬ್ರವರಿಯ ಒಂದು ಶನಿವಾರ ಅವರು ಎರಡು ಕೈಚೀಲಗಳಲ್ಲಿ ಒಂದೊಂದು ಲೀಟರಿನ ಆರು ತಗಡಿನ ಡಬ್ಬಿಗಳನ್ನು ತಂದು ಮೇಜಿನ ಮೇಲಿಟ್ಟರು. ಗೋದಾಮಿನ ಮಾಡು ಸೋರಿ ಡಬ್ಬಿಗಳ ಚೀಟಿಯೆಲ್ಲ ನೆನೆದು ಕಿತ್ತುಬಂದಿತ್ತಂತೆ. ಮಾರುವಂತಿಲ್ಲ, ಬೇಕಾದವರು ಒಯ್ಯಿರಿ ಅಂದರಂತೆ. ಒಳಗಿದ್ದದ್ದು ಕೆನಡಾದ ಮೇಪಲ್ ಸಿರಪ್. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಮರಕ್ಕೆ ತೂತು ಕೊರೆದು, ಒಸರುವ ನೀರನ್ನು ಹಿಡಿದು ಕಾಯಿಸಿ ಮಾಡುವುದೆಂದು ಅಂಕಲ್ ವಿವರಿಸಿದರು.

"ಮರದ ನೀರು ಅಂದ್ರೆ ನಮಗೆ ಹೊಸತು ಎಂತದೂ ಅಲ್ಲ ಡಾಕ್ಟ್ರೆ. ನಮ್ಮಲ್ಲಿ ತಾಳೆ ಮರದ್ದು ಓಲೆಬೆಲ್ಲ ಮಾಡುದಿಲ್ವಾ, ಇದು ಹಾಗೆಯೇ," ಎಂದರು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಡಾಕ್ಟ್ರೆ ಎಂದು. ಲಂಡನ್ನಿನಲ್ಲಿ ಆಗ ನನ್ನನ್ನು ಹಾಗೆ ಕರೆಯುತ್ತಿದ್ದ ಮನುಷ್ಯ ಅವರೊಬ್ಬರೇ.

ಅದರ ವೈನ್ ಹೇಗಾದೀತು ಎಂದು ಅವರಿಗೂ ಗೊತ್ತಿರಲಿಲ್ಲ. ಜೊತೆಯ ಕೆಲಸಗಾರನೊಬ್ಬ, ಅದು ಆಗುತ್ತದೆ, ಆದರೆ ಒಂದು ವರ್ಷ ಮುಟ್ಟದೆ ಇಡಬೇಕು ಎಂದಿದ್ದನಂತೆ. ಆವತ್ತೇ ಶುರುಮಾಡಿದರು. ಡಬ್ಬಿ ಕೊರೆಯುವ ಕೀಲಿಯನ್ನು ಬಲಗೈಯಿಂದ ಎರಡು ಸಲ ತಿರುಗಿಸಿ, ಆಗದೆ, ಎಡಗೈಗೆ ಬದಲಾಯಿಸಿಕೊಂಡರು. ಚಳಿಗೆ ಕೈ ಮರಗಟ್ಟಿದೆ ಎಂದು ನಕ್ಕರು. ನಾನೂ ನಕ್ಕು, ಉಳಿದ ಡಬ್ಬಿಗಳನ್ನು ನಾನೇ ತೆರೆದೆ. ಬಿಳಿಯ ದೊಡ್ಡ ಬಕೆಟ್ಟಿಗೆ ಸಿರಪ್ ಸುರಿದು, ಬಿಸಿನೀರು ಬೆರೆಸಿ, ಉಗುರುಬೆಚ್ಚಗಾಗುವ ತನಕ ಕಾದರು. ಗಾಜಿನ ಕಡ್ಡಿಯೊಂದನ್ನು ತೇಲಿಬಿಟ್ಟು ಸಿಹಿ ಎಷ್ಟಿದೆ ಎಂದು ಅಳೆದರು. ನಿಂಬೆಯ ರಸ, ಹಾಲಿಲ್ಲದ ಕಡು ಚಹಾ, ಕೊನೆಗೆ ಈಸ್ಟ್. ಧಾರವಾಡದ ಸಾಲಿ ಮಾಸ್ತರರ ಮಗಳು ನಾನು. ನಮ್ಮ ಮನೆಯಲ್ಲಿ ಸೆರೆ ಎಂಬ ಮಾತನ್ನೂ ದನಿ ತಗ್ಗಿಸಿ ಆಡುತ್ತಿದ್ದರು. ಆ ವಾರ ಫೋನಿನಲ್ಲಿ ಅವ್ವ ಏನು ವಿಶೇಷ ಎಂದು ಕೇಳಿದಾಗ, ಮನೆ ಮಾಲಕರು ಪಾನಕ ಮಾಡಾಕತ್ತಾರ ಎಂದೆ.

ಮೂರನೇ ದಿನ ಬಕೆಟ್ಟಿನ ಮೇಲೆ ನೊರೆ ಎದ್ದಿತು. ಹತ್ತು ದಿನಕ್ಕೆ ಅದನ್ನು ಅಗಲ ಹೊಟ್ಟೆಯ ಐದು ಗಾಜಿನ ಜಾಡಿಗಳಿಗೆ ಇಳಿಸಿ, ಬಾಯಿಗೆ ನೀರು ತುಂಬಿದ ಬಾಗಿದ ಕೊಳವೆ ಸಿಕ್ಕಿಸಿ, ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಸಾಲಾಗಿ ಇಟ್ಟರು. ಹಗಲೆಲ್ಲ ಅವು ಗುಳಕ್ ಗುಳಕ್ ಎನ್ನುತ್ತಿದ್ದವು. ಓದುವಾಗ ಮನೆಯಲ್ಲಿ ಯಾರೋ ಇದ್ದಾರೆ ಎನ್ನಿಸುತ್ತಿತ್ತು.

ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅಂಕಲ್ ಖಾಲಿ ಜಾಡಿಗಳನ್ನು ತೊಳೆಯುತ್ತಿದ್ದರು. ಅಂಗಿಯ ತೋಳು ಮೇಲೆ ಮಡಚಿತ್ತು. ನಾನು ಚಹಾ ಕುಡಿಯುತ್ತ ನಿಂತಿದ್ದೆ. ಅವರು ಜಾಡಿಯನ್ನು ಬೆಳಕಿಗೆ ಎತ್ತಿ ಹಿಡಿದಾಗ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸ ಕರಗಿ ಗುಳಿ ಬಿದ್ದದ್ದು ಕಂಡಿತು. ಕೈಯ ಚರ್ಮದ ಕೆಳಗೆ ಅಲ್ಲಲ್ಲಿ ಏನೋ ಮಿಡಿಯುತ್ತಿತ್ತು, ಹುಳ ಹರಿದ ಹಾಗೆ. ನೋವು ಅದರಾಗ ಏನರ ಅದನ್ರೀ ಎಂದು ಕೇಳಿದೆ. ಎಂತ ನೋವೂ ಇಲ್ಲ, ಶಕ್ತಿ ಮಾತ್ರ ಕಡಿಮೆ ಎಂದರು. ಜುಮುಗುಡುತ್ತದೆಯೇ ಎಂದೆ. ಅದೂ ಇಲ್ಲ. ಎಡಗೈ ತೋರಿಸಿ ಎಂದೆ. ಅಲ್ಲಿಯೂ ಗುಳಿ ಆಗತೊಡಗಿತ್ತು. ನೋವಿದ್ದಿದ್ದರೆ, ಮರಗಟ್ಟಿದ್ದರೆ ಎಲ್ಲೋ ನರ ಒತ್ತಿದೆ ಎಂದು ನನಗೆ ಸಮಾಧಾನವಾಗುತ್ತಿತ್ತು.

ಮೇಲೆ ಹೋಗಿ ಪುಸ್ತಕ ತೆಗೆದೆ. ತೆಗೆಯಬೇಕಾದ ಅಗತ್ಯವಿರಲಿಲ್ಲ. ಮೋಟಾರ್ ನ್ಯೂರಾನ್ ಕಾಯಿಲೆ ಎಂದು ಆ ಪುಟದ ಹೆಸರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಕೈ ಹೋಗುತ್ತದೆ, ಕಾಲು ಹೋಗುತ್ತದೆ, ಮಾತು ಹೋಗುತ್ತದೆ, ನುಂಗುವುದು ಹೋಗುತ್ತದೆ, ಕೊನೆಗೆ ಉಸಿರು. ಬುದ್ಧಿ ಬಹುಮಟ್ಟಿಗೆ ಕೊನೆಯ ತನಕ ಎಚ್ಚರವಾಗಿರುತ್ತದೆ. ಔಷಧವಿಲ್ಲ. ನಾನು ಎರಡು ಸಲ ಓದಿ ಪುಸ್ತಕ ಮುಚ್ಚಿದೆ. ರಘುವಿಗೆ ಫೋನ್ ಮಾಡಿದೆ. ಅವನು, ನೀ ಇನ್ನೂ ಇಲ್ಲೆ ಡಾಕ್ಟರಲ್ಲ, ಏನೂ ಹೇಳಬ್ಯಾಡ, ಜಿಪಿ ಹತ್ರ ಕಳಿಸು ಸಾಕು ಎಂದ. ಅವನು ಹೇಳಿದ್ದು ಸರಿ ಎಂದು ಅಂದುಕೊಂಡೆ. ಸರಿಯೆಂದು ಅಂದುಕೊಳ್ಳುವುದು ಸುಲಭವೂ ಆಗಿತ್ತು.

ಅಂಕಲ್ ತಮ್ಮ ಬಡಾವಣೆಯ ಡಾಕ್ಟರಾದ ಜಿಪಿಗೆ ತೋರಿಸಿದರು. ವಯಸ್ಸು, ಭಾರ ಎತ್ತುವ ಕೆಲಸ, ಮಣಿಕಟ್ಟಿನಲ್ಲಿ ನರ ಒತ್ತಿರಬೇಕು ಎಂದು ಜಿಪಿ ಅಲ್ಲಿಗೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟು ಕಳಿಸಿದರು. ನಾನು ಇನ್ನೊಮ್ಮೆ ಹೋಗಿ ಎಂದೆ. ಎರಡನೆಯ ಸಲ ಹೋದಾಗ ಆಸ್ಪತ್ರೆಯ ಸ್ಪೆಷಲಿಸ್ಟಿಗೆ ಪತ್ರ ಬರೆದರು. ದಿನ ಗೊತ್ತುಮಾಡಿ ಆಸ್ಪತ್ರೆಯಿಂದಲೇ ಕಾಗದ ಬರುತ್ತದೆ, ಕಾಯಬೇಕು ಎಂದರು.

ಕಾಗದ ಬಂತು, ಆದರೆ ಆಸ್ಪತ್ರೆಯಿಂದಲ್ಲ. ಕಾರ್ಕಳದ ಹತ್ತಿರದ ಒಂದು ಕಾನ್ವೆಂಟಿನಿಂದ. ಅಂಕಲ್‌ನ ಅಕ್ಕ ಅಲ್ಲಿ ಸಿಸ್ಟರ್. ತಾಯಿ ಬೇಗ ತೀರಿಹೋಗಿದ್ದರಿಂದ ಚಿಕ್ಕಂದಿನಲ್ಲಿ ಅಂಕಲ್‌ನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಹನ್ನೊಂದು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅವರು ವ್ರತ ತೆಗೆದುಕೊಂಡು ಐವತ್ತು ವರ್ಷವಾದದ್ದಕ್ಕೆ ಮೇ ತಿಂಗಳಲ್ಲಿ ಪೂಜೆ, ಊಟ. ನೀನು ಬರಲೇಬೇಕು ಎಂದು ಕನ್ನಡದಲ್ಲಿ, ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು. ಅಂಕಲ್ ಆ ಕಾಗದವನ್ನು ನನಗೂ ಓದಿ ಹೇಳಿದರು. ಟಿಕೆಟ್ ವಿಚಾರಿಸುವುದೂ ಆಯಿತು. ಆಗ ಆಂಟಿ ನನ್ನನ್ನು ಕೇಳಿದರು: ಈ ಕೈಯದ್ದೊಂದು ಉಂಟಲ್ಲ, ನಾವು ಅಲ್ಲಿರುವಾಗ ಆಸ್ಪತ್ರೆಯ ಕಾಗದ ಬಂದರೆ ಎಂತ ಮಾಡುವುದು?

"ಮೊದಲ ಸ್ಪೆಷಲಿಸ್ಟಗ ತೋರಿಸಿರಿ ಆಂಟಿ. ಆಮ್ಯಾಲ ಹೋದ್ರಾತು," ಎಂದೆ. "ಒಮ್ಮೆ ತಪ್ಪಿದ್ರ ಮತ್ತ ಎಷ್ಟ ತಿಂಗಳ ಕಾಯಬೇಕಾಗ್ತದೊ ಏನೊ."

ಅವರು ಹೋಗಲಿಲ್ಲ. ಅಂಕಲ್ ಅಕ್ಕನಿಗೆ, ಮುಂದಿನ ವರ್ಷ ಖಂಡಿತ ಬರುತ್ತೇನೆ, ನಾನು ಮಾಡಿದ ಒಂದು ಹೊಸ ವೈನನ್ನೂ ತರುತ್ತೇನೆ ಎಂದು ಬರೆದರು. ಪೆನ್ನು ಹಿಡಿಯುವುದು ಕಷ್ಟವಾಗಿ ಕೊನೆಯ ನಾಲ್ಕು ಸಾಲನ್ನು ನನ್ನಿಂದ ಬರೆಸಿದರು. ಮೇ ಕಳೆಯಿತು, ಜೂನ್ ಬಂತು. ಆಸ್ಪತ್ರೆಯ ಕಾಗದ ಬರಲಿಲ್ಲ.

ಜೂನ್ ತಿಂಗಳಲ್ಲಿ ಜಾಡಿಗಳ ತಳದಲ್ಲಿ ಕೂತ ಗಸಿಯಿಂದ ವೈನನ್ನು ಬೇರೆ ಮಾಡಬೇಕಾಗಿತ್ತು. ಗಸಿ ಎಂದು ನಾನಂದಾಗ ಆಂಟಿ ನಕ್ಕರು. ಅವರ ಊರಿನಲ್ಲಿ ಗಸಿಯೆಂದರೆ ಕೋಳಿಯ ಸಾರು. ತುಂಬಿದ ಜಾಡಿಯನ್ನು ಮೇಜಿನ ಮೇಲೆ, ಖಾಲಿ ಜಾಡಿಯನ್ನು ನೆಲದ ಮೇಲೆ ಇಟ್ಟು, ತೆಳ್ಳಗಿನ ರಬ್ಬರು ಕೊಳವೆಯ ಒಂದು ತುದಿಯನ್ನು ವೈನಿಗೆ ಇಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಹೀರಬೇಕು. ಒಮ್ಮೆ ಹರಿಯಲು ಶುರುವಾದರೆ ತಾನೇ ಇಳಿಯುತ್ತದೆ. ಅಂಕಲ್ ಮೂವತ್ತು ವರ್ಷದಿಂದ ಮಾಡಿದ ಕೆಲಸ ಅದು. ಬಗ್ಗಿ ಕೊಳವೆ ಬಾಯಲ್ಲಿಟ್ಟು ಹೀರಿದರು. ವೈನ್ ಅರ್ಧದ ತನಕ ಏರಿ ಕೆಳಗೆ ಜಾರಿತು. ಮತ್ತೆ ಹೀರಿದರು. ತುಟಿ ಬಿಗಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಗಾಳಿ ಸೋರುವುದು ನನಗೆ ಕೇಳುತ್ತಿತ್ತು. ಮೂರನೆಯ ಸಲ ಬಾಯಿಯ ಮೂಲೆಯಿಂದ ಜೊಲ್ಲು ಇಳಿದು ಅಂಗಿಯ ಮೇಲೆ ಬಿತ್ತು. ಅವರು ಅದನ್ನು ತೋಳಿನಿಂದ ಒರೆಸಿಕೊಂಡು, ಕೊಳವೆಯನ್ನೇ ದಿಟ್ಟಿಸಿದರು.

"ಪೈಪಿನಲ್ಲಿ ತೂತು ಉಂಟು ಕಾಣ್ತದೆ," ಎಂದರು.

ಪೈಪಿನಲ್ಲಿ ತೂತಿರಲಿಲ್ಲ. ಕೊಡ್ರಿ ಇಲ್ಲೆ ಎಂದು ನಾನು ಇಸಿದುಕೊಂಡೆ. ನನ್ನ ಆಯುಷ್ಯದಲ್ಲಿ ಮೊದಲ ಸಲ ಸೆರೆ ನನ್ನ ಬಾಯೊಳಗೆ ಬಂದದ್ದು ಹಾಗೆ. ಒರಟು ಹುಳಿ, ಹಿಂದಿನಿಂದ ಕಹಿ, ಎಲ್ಲೋ ಆಳದಲ್ಲಿ ಸುಟ್ಟ ಬೆಲ್ಲ. ಉಗುಳಿ, ಕೊಳವೆಯನ್ನು ಕೆಳಗಿನ ಜಾಡಿಗೆ ಬಿಟ್ಟೆ. ಹೊನ್ನಿನ ಬಣ್ಣದ ವೈನ್ ಸಣ್ಣಗೆ ಇಳಿಯಿತು. ಡಾಕ್ಟ್ರು ಕುಡುಕರಾದರು ಎಂದು ಅಂಕಲ್ ನಗಾಡಿದರು. ಆ ನಗುವಿನಲ್ಲಿ ಅವರ ನಾಲಿಗೆ ಕಂಡಿತು. ಅದರ ಮೇಲೆಲ್ಲ ಅದೇ ಮಿಡಿತ. ಐದೂ ಜಾಡಿಗಳನ್ನು ನಾನೇ ಇಳಿಸಿದೆ. ಮುಖವನ್ನು ಬಗ್ಗಿಸಿಯೇ ಇಟ್ಟುಕೊಂಡೆ.

ಮರುದಿನ ಆಂಟಿ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಾನು ಕ್ಲಿಪ್ಪು ಕೊಡುತ್ತಿದ್ದೆ. ಅವರು ನನ್ನ ಮುಖ ನೋಡದೆ ಕೇಳಿದರು:

"ನೀವು ಡಾಕ್ಟರ್ ಅಲ್ವಾ. ಇವರಿಗೆ ಎಂತ ಆಗಿದೆ, ಹೇಳಿ ನನಗೆ. ದೊಡ್ಡದು ಎಂತಾದ್ರೂ ಉಂಟಾ?"

"ಕುತ್ತಿಗಿ ಹತ್ರ ನರ ಒತ್ತಿದ್ರೂ ಹಿಂಗಾಗ್ತದರಿ ಆಂಟಿ. ಸ್ಪೆಷಲಿಸ್ಟ್ ನೋಡ್ಲಿ," ಎಂದೆ.

ಕುತ್ತಿಗೆಯ ನರ ಒತ್ತಿದರೆ ನಾಲಿಗೆ ಮಿಡಿಯುವುದಿಲ್ಲ. ಅದು ನನಗೆ ಗೊತ್ತಿತ್ತು. ಆಂಟಿ ದೊಡ್ಡದೊಂದು ಉಸಿರು ಬಿಟ್ಟು, ದೇವರು ದೊಡ್ಡವನು ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದರು. ಆವತ್ತು ನನಗಾಗಿ ಪಾಯಸ ಮಾಡಿದರು.

ಜುಲೈಯಲ್ಲಿ ಪರೀಕ್ಷೆ. ಅದರಲ್ಲಿ ಫೋಟೋ ನೋಡಿ ಉತ್ತರ ಬರೆಯುವ ಒಂದು ಭಾಗವಿತ್ತು. ಆರನೆಯದೋ ಏಳನೆಯದೋ ಚಿತ್ರ ಒಂದು ಕೈಯದು. ಹೆಬ್ಬೆರಳಿನ ಬುಡದಲ್ಲಿ ಗುಳಿ. ಯಾರ ಕೈಯೋ ಏನೋ, ಬಿಳಿಯ ಚರ್ಮದ ವಯಸ್ಸಾದ ಕೈ. ಏನು ಕಾಣುತ್ತದೆ, ಯಾವ ಕಾಯಿಲೆ ಇರಬಹುದು, ಇನ್ನೇನನ್ನು ಪರೀಕ್ಷಿಸುತ್ತೀರಿ? ನಾನು ನಿಲ್ಲದೆ ಬರೆದೆ. ನಾಲಿಗೆ ನೋಡುತ್ತೇನೆ ಎಂದೂ ಬರೆದೆ. ಸುತ್ತಲಿನವರು ಪೆನ್ನು ಕಚ್ಚುತ್ತ ಕೂತಿದ್ದರು. ಹೊರಗೆ ಬಂದು ಟ್ಯೂಬ್ ರೈಲಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಪಾಸಾದ ಕಾಗದ ಆಗಸ್ಟಿನಲ್ಲಿ ಬಂದಾಗ ಅಂಕಲ್ ಬಾಗಿಲಲ್ಲೇ ನಿಂತು ಕಂಗ್ರಾಜುಲೇಶನ್ಸ್ ಎಂದರು. ಆ ಉದ್ದದ ಮಾತು ಅವರ ಬಾಯಲ್ಲಿ ಮುದ್ದೆಯಾಗಿ, ಎರಡು ಸಲ ಪ್ರಯತ್ನಿಸಿ, ಬಿಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟರು. ಕೈ ಬಹಳ ಹಗುರವಾಗಿತ್ತು.

ಆಸ್ಪತ್ರೆಗೆ ಹೋಗುವ ದಿನ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ನಾನೂ ಜೊತೆಗೆ ಹೋದೆ. ಸ್ಪೆಷಲಿಸ್ಟ್ ಒಳ್ಳೆಯ ಮನುಷ್ಯ. ಸೂಜಿಯ ಪರೀಕ್ಷೆ ಮಾಡಿಸಿ, ಕುರ್ಚಿ ಹತ್ತಿರ ಎಳೆದುಕೊಂಡು, ಮೆಲ್ಲಗೆ, ಮುಚ್ಚುಮರೆಯಿಲ್ಲದೆ ಹೇಳಿದರು. ಹತ್ತು ನಿಮಿಷವೂ ಆಗಲಿಲ್ಲ. ಆಂಟಿ ಅರ್ಥವಾಗದವರಂತೆ ನನ್ನ ಕಡೆ ತಿರುಗಿದರು. ಅದೇ ಮಾತನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಆರು ತಿಂಗಳು ಬಾಯಲ್ಲಿಟ್ಟುಕೊಂಡಿದ್ದ ಮಾತು, ಇನ್ನೊಬ್ಬರ ಮಾತೆಂಬಂತೆ ಹೊರಬಂತು. ಅಂಕಲ್ ಕೇಳಿದ್ದು ಒಂದೇ ಪ್ರಶ್ನೆ: ವೈನ್ ಕುಡಿಯಬಹುದೇ? ಕುಡಿಯಬಹುದು, ನುಂಗಲು ಆಗುವ ತನಕ ಎಂದರು ಸ್ಪೆಷಲಿಸ್ಟ್.

ಬಸ್ಸಿನಲ್ಲಿ ಆಂಟಿ ಮುಂದಿನ ಸೀಟಿನಲ್ಲಿ ಜಪಮಣಿ ಹಿಡಿದು ಕೂತರು. ಅಂಕಲ್ ನನ್ನ ಪಕ್ಕ. ನಿಧಾನವಾಗಿ, ಒಂದೊಂದೇ ಮಾತು ಕೂಡಿಸಿ ಕೇಳಿದರು.

"ನಿಮ್ಮ ಪುಸ್ತಕದಲ್ಲಿ ಉಂಟಾ ಇದು?"

"ಅದರಿ."

"ಎಷ್ಟು ಪುಟ?"

"ಒಂದೂವರಿ."

"ಅಷ್ಟೇಯಾ," ಎಂದರು.

ಅಂದಿನಿಂದ ಎಲ್ಲ ಬೇಗಬೇಗ ಆಯಿತು. ಅಕ್ಟೋಬರ್ ಹೊತ್ತಿಗೆ ಅವರು ಕೆಲಸ ಬಿಟ್ಟರು. ಸ್ಥಳೀಯ ಆಡಳಿತದ ಕೌನ್ಸಿಲಿನವರು ಬಂದು ಮೆಟ್ಟಿಲಿಗೆ, ಬಚ್ಚಲಿಗೆ ಹಿಡಿಕೆ ಹಾಕಿಹೋದರು. ಹಿಡಿಯುವ ಕೈಗಳೇ ಇರಲಿಲ್ಲ. ನನಗೆ ರಘು ಇದ್ದ ಊರಿನ ಹತ್ತಿರ ಫೆಬ್ರವರಿಯಿಂದ ಕೆಲಸ ಸಿಕ್ಕಿತ್ತು. ಅಲ್ಲಿಯ ತನಕ ಇಲ್ಲೇ ಇರುತ್ತೇನೆ ಎಂದೆ. ಆಂಟಿ ಶಾಲೆಗೆ ಹೋದಾಗ ನಾನು ಅಂಕಲ್‌ಗೆ ಅನ್ನವನ್ನು ಗಂಜಿಯಂತೆ ಕಲಸಿ ತಿನ್ನಿಸುತ್ತಿದ್ದೆ. ವೈನನ್ನು ಇನ್ನೊಮ್ಮೆ ಇಳಿಸುವ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಆ ಸಣ್ಣ ಕೋಣೆಯ ಬಾಗಿಲಿಗೆ ತಂದೆವು. ಕೊಳವೆಯ ತುದಿ ತಳಕ್ಕೆ ಮುಟ್ಟಿ ಗಸಿ ಕದಡಿದರೆ ಗಂಟಲಿನಲ್ಲಿ ಒಂದು ಸದ್ದು ಮಾಡುತ್ತಿದ್ದರು; ನಾನು ಮೇಲೆತ್ತುತ್ತಿದ್ದೆ. ನನ್ನ ಬಾಯಿಗೆ ಬಂದ ವೈನಿನ ಹುಳಿ ಹೋಗಿತ್ತು. ಒರಟು ಇತ್ತು. ಹೇಗಿದೆ ಎಂದು ಹುಬ್ಬಿನಿಂದ ಕೇಳಿದರು. ವೈನಿನ ಒಳ್ಳೆಯದು ಕೆಟ್ಟದು ತಿಳಿಯದ ನಾನು, ಚಲೋ ಆಗೇದರಿ ಎಂದೆ.

ನವೆಂಬರಿನಲ್ಲಿ ಕಾನ್ವೆಂಟಿನಿಂದ ಅವರ ಅಕ್ಕ ಫೋನ್ ಮಾಡಿದರು. ಆಂಟಿ ರಿಸೀವರನ್ನು ಅಂಕಲ್‌ನ ಕಿವಿಗೆ ಹಿಡಿದರು. ಆ ಕಡೆಯಿಂದ ಮುದುಕಿಯ ತೆಳ್ಳಗಿನ ದನಿ ಕೊಂಕಣಿಯಲ್ಲಿ ಏನೋ ಕೇಳುತ್ತಿತ್ತು, ಸ್ವಲ್ಪ ತಡೆದು ಮತ್ತೆ ಕೇಳುತ್ತಿತ್ತು. ಅಂಕಲ್ ಬಾಯಿ ತೆರೆದರು. ಬಂದದ್ದು ಮಾತಲ್ಲ. ಆ ಕಡೆಯಿಂದ ಅಕ್ಕ ಪ್ರಾರ್ಥನೆ ಹೇಳತೊಡಗಿದರು. ಹೊರದೇಶದ ಫೋನಿಗೆ ಎಷ್ಟಾಗುತ್ತದೆ ಎಂಬ ಎಣಿಕೆಯಿಲ್ಲದೆ ಪೂರ್ತಿ ಹೇಳಿ ಮುಗಿಸಿದರು. ನಾನು ಎದ್ದು ಮಹಡಿಗೆ ಹೋದೆ.

ಕ್ರಿಸ್ಮಸ್ಸಿಗೆ ಆಂಟಿ ಕುಸ್ವಾರ್ ಎಂಬ ಹಬ್ಬದ ಸಿಹಿತಿಂಡಿಗಳನ್ನೆಲ್ಲ ಮಾಡಿದರು, ಹಿಂದಿನ ಯಾವ ವರ್ಷಕ್ಕೂ ಕಡಿಮೆಯಾಗದಂತೆ. ಬಂದವರು ಹಳೆಯ ದ್ರಾಕ್ಷಿಯ ವೈನ್ ಕುಡಿದು, ಜೋರಾಗಿ ಮಾತಾಡಿ ಹೋದರು. ಯಾರೋ ಪ್ರೀತಿಯಿಂದ ಅಂಕಲ್‌ನ ಬಾಯಿಗೆ ಒಂದು ಚೂರು ಕೇಕ್ ಇಟ್ಟಿದ್ದರು. ಅದು ಗಂಟಲಲ್ಲಿ ಸಿಕ್ಕಿತು. ಮುಖ ನೀಲಿಗಟ್ಟಿತು. ನಾನು ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದೆ; ಐದಾರು ಗುದ್ದಿಗೆ ಹೊರಬಂತು. ಎಲ್ಲರೂ ಡಾಕ್ಟರ್ ಇದ್ದದ್ದು ಒಳ್ಳೆಯದಾಯಿತು ಎಂದರು. ಹೊಸ ವರ್ಷದ ಮೊದಲ ವಾರದಲ್ಲಿ ಆಸ್ಪತ್ರೆಯವರು ಅವರ ಹೊಟ್ಟೆಗೆ ಕೊಳವೆ ಹಾಕಿದರು. ಆಮೇಲೆ ಬಾಯಿಗೆ ಏನೂ ಇಲ್ಲ.

ಫೆಬ್ರವರಿಗೆ ವೈನಿಗೆ ಒಂದು ವರ್ಷ. ನಾನು ಹೊಸ ಕೆಲಸಕ್ಕೆ ಹೊರಡುವ ಹಿಂದಿನ ದಿನ, ಆಂಟಿ ಮೊದಲ ಬಾಟಲಿ ತೆರೆದರು. ಆಗ ಅಂಕಲ್ ಮಾತಾಡುತ್ತಿದ್ದದ್ದು ಅಕ್ಷರಗಳ ಹಲಗೆಯಿಂದ. ಪಾರದರ್ಶಕ ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳು. ಅವರು ಕಣ್ಣಿನಿಂದ ನೋಡಿದ ಅಕ್ಷರವನ್ನು ನಾವು ಹೇಳುತ್ತ ಹೋಗಬೇಕು, ಸರಿಯಾದರೆ ಕಣ್ಣು ಮುಚ್ಚುತ್ತಾರೆ. ಬಾಯಿ ಒದ್ದೆಮಾಡಲು ನರ್ಸ್ ಕೊಟ್ಟಿದ್ದ ಸಣ್ಣ ಸ್ಪಂಜಿನ ಕಡ್ಡಿಯನ್ನು ಆಂಟಿ ವೈನಿಗೆ ಅದ್ದಿ, ಹಿಂಡಿ, ಅವರ ತುಟಿಗೆ, ಆಮೇಲೆ ನಾಲಿಗೆಯ ತುದಿಗೆ ಮುಟ್ಟಿಸಿದರು. ಅಂಕಲ್ ಕಣ್ಣು ಮುಚ್ಚಿದರು. ನಾನು ಒಂದು ಗುಟುಕು ಕುಡಿದು ಬಹಳ ರುಚಿಯಾಗಿದೆ ಎಂದೆ. ಆಂಟಿಯೂ ಹಾಗೇ ಅಂದರು. ಅಂಕಲ್ ಹಲಗೆಯ ಕಡೆ ನೋಡಿದರು. ಒಂದೊಂದೇ ಅಕ್ಷರ ಹಿಡಿದು ಜೋಡಿಸಲು ಐದು ನಿಮಿಷ ಬೇಕಾಯಿತು. ಅವರು ಹೇಳಿದ್ದು ಇಷ್ಟು: ಇನ್ನೂ ಒಂದು ವರ್ಷ ಇಡಿ.

ಆಂಟಿ ಬಾಟಲಿಗೆ ಬಿರಡೆ ಒತ್ತಿ ಒಳಗೆ ಇಟ್ಟುಬಂದರು.

ಈಸ್ಟರ್ ಆದ ಎರಡನೆಯ ವಾರ ಅಂಕಲ್ ಹೋದರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ವಾರ್ಡಿನಲ್ಲಿ ಆಗ ನನಗೆ ರಜೆ ಸಿಗಲಿಲ್ಲ, ಮಣ್ಣಿಗೆ ಹೋಗಲಾಗಲಿಲ್ಲ. ತಿಂಗಳ ಪೂಜೆಗೆಂದು ಮೇ ತಿಂಗಳಲ್ಲಿ ಗ್ರೀನ್‌ಫರ್ಡಿಗೆ ಬಂದೆ. ಬಿಸಿಲಿತ್ತು. ಇಗರ್ಜಿಯಿಂದ ಬಂದವರೆಲ್ಲ ಚಹಾ ಕುಡಿದು ಹೋದ ಮೇಲೆ ನಾವಿಬ್ಬರೇ ಉಳಿದೆವು. ಆಂಟಿ ಮೇಜಿನ ಮೇಲಿನ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತ, ಸಾಮಾನ್ಯ ದನಿಯಲ್ಲಿ ಕೇಳಿದರು.

"ನಿಮಗೆ ಯಾವಾಗ ಗೊತ್ತಾದದ್ದು?"

ಸುಳ್ಳು ಹೇಳಬಹುದಾಗಿತ್ತು. ಸೆಪ್ಟೆಂಬರಿನಲ್ಲಿ, ನಿಮ್ಮ ಜೊತೆಗೇ ಎನ್ನಬಹುದಾಗಿತ್ತು.

"ಮಾರ್ಚನ್ಯಾಗ ಆಂಟಿ. ಜಾಡಿ ತೊಳೀತಿದ್ರಲ್ಲ, ಅವತ್ತ," ಎಂದೆ.

ಅವರ ಕೈ ನಿಂತಿತು. ಕೋಪ ಬರುತ್ತದೆ, ಅಳುತ್ತಾರೆ ಎಂದು ಕಾದೆ. ಎರಡೂ ಆಗಲಿಲ್ಲ. ಲೆಕ್ಕ ಹಾಕುವವರ ಹಾಗೆ ಸ್ವಲ್ಪ ಹೊತ್ತು ಗೋಡೆ ನೋಡಿದರು.

"ಮೇ ತಿಂಗಳಲ್ಲಿ ಅವರಿಗೆ ನಡಿಲಿಕ್ಕೆ ಆಗ್ತಿತ್ತು," ಎಂದರು. "ಮಾತಾಡ್ಲಿಕ್ಕೆ ಆಗ್ತಿತ್ತು. ಅಕ್ಕನ ಹತ್ರ ಕೂತು ಮಾತಾಡಿ ಬರ್ತಿದ್ರು."

ಒಂದು ವರ್ಷ ನಾನು ನನ್ನನ್ನೇ ಸಂತೈಸಿಕೊಂಡಿದ್ದೆ: ಈ ಕಾಯಿಲೆಗೆ ಔಷಧವಿಲ್ಲ, ದೊಡ್ಡ ದೊಡ್ಡ ಡಾಕ್ಟರುಗಳಿಂದಲೇ ಏನೂ ಆಗದು, ನನ್ನಿಂದ ಏನಾಗುತ್ತಿತ್ತು ಎಂದು. ಒಂದೇ ಒಂದು ಆಗುತ್ತಿತ್ತು. ವಿಮಾನ ಹತ್ತಿ ಹೋಗಿ ಬನ್ನಿ ಎನ್ನುವುದಕ್ಕೆ ಪರೀಕ್ಷೆ ಪಾಸಾಗಬೇಕಾಗಿರಲಿಲ್ಲ. ತಪ್ಪಾಯ್ತು ಆಂಟಿ ಎಂದೆ.

"ನಿಮ್ಮನ್ನು ಬೈಯುದಲ್ಲ," ಎಂದರು. "ನಿಮಗೂ ಗೊತ್ತಿರ್ಲಿ ಅಂತ ಹೇಳಿದ್ದು."

ವೈನ್ ಏನಾಯಿತೆಂದು ಕೇಳುವವರಿಗೆ: ಆಂಟಿ ಅದನ್ನು ಹೇಳಿದಷ್ಟೂ ಕಾಲ ಇಟ್ಟರು. ಮರುವರ್ಷ ತೆರೆದಾಗ ಬಹಳ ಒಳ್ಳೆಯದಾಗಿತ್ತು ಎಂದು ಫೋನಿನಲ್ಲಿ ಹೇಳಿದರು. ನಾನು ಕುಡಿಯಲಿಲ್ಲ, ಕೇಳಿದೆ ಅಷ್ಟೆ. ಆಮೇಲೆ ಅವರು ಮನೆ ಮಾರಿ ಸ್ವಿಂಡನ್ನಿನ ತಂಗಿಯ ಹತ್ತಿರ ಹೋದರು. ಈಗಲೂ ಹಬ್ಬಕ್ಕೆ ಕಾರ್ಡು ಬರುತ್ತದೆ.

ಆ ಮೇ ತಿಂಗಳ ದಿನ ನಾನು ಹೊರಡಲು ಚೀಲ ಎತ್ತಿಕೊಂಡಾಗ ಆಂಟಿ, ಊಟ ಮಾಡದೆ ಹೋಗುವುದು ಎಂತದು, ಕೂತುಕೊಳ್ಳಿ ಎಂದರು. ಅನ್ನ ಇಟ್ಟರು, ಕಡಲೆ ಹಾಕಿ ಬಸಳೆಯ ಸಾರು ಮಾಡಿದ್ದರು, ಹಪ್ಪಳ ಕರಿದರು. ಎದುರು ಕುರ್ಚಿ ಎಳೆದುಕೊಂಡು ಕೂತರು, ತಾವು ತಟ್ಟೆ ಹಾಕಿಕೊಳ್ಳಲಿಲ್ಲ. ನನ್ನ ತಟ್ಟೆ ಖಾಲಿಯಾಗುವುದನ್ನು ನೋಡಿ ಮತ್ತೆ ಅನ್ನ ಬಡಿಸಿದರು, ಆಮೇಲೆ ಇನ್ನೊಮ್ಮೆ. ಹೊಟ್ಟೆ ತುಂಬಿ ಬಹಳ ಹೊತ್ತಾಗಿತ್ತು. ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ.